ಕಳ್ಳಿಹಾಳದ ಸುಗ್ಗಿ ಕರಾರು

ಶಿಬಿರ, ಹಳ್ಳದ ಆಚೆ
ಜನವರಿ ೧೨, ೧೯೪೮

ಕುಷ್ಟಗಿಯ ವಕೀಲರಾದ ಶಫೀಸಾಬರಿಗೆ ಈಶಪ್ಪನ ಶರಣು.

ಈ ಪತ್ರ ತಂದ ಮುದಿಯಪ್ಪ ಕಂಬಳಿ ಮಾರವ. ಎರಡೂ ಕಡೆ ಅವನ ಗಿರಾಕಿಗಳದಾರ, ಹಿಂಗಾಗಿ ಅವನ ಗಂಟು ಬಿಚ್ಚಿ ನೋಡವರು ಕಡಿಮಿ. ನಾನು ತಾವರಗೇರಿ ಹತ್ತಿ ಅರಳಿ ವ್ಯಾಪಾರದ ಮನಿತನದವ. ಕುಷ್ಟಗಿ ಮದರಸಾದಾಗ ನಿಮ್ಮ ಮಗ್ಗಲಾಗ ಕುಂತು ಉರ್ದು ಕಲತವ. ಈಗ ನಿಜಾಮನ ರಾಜ್ಯ ಬಿಟ್ಟು ಈ ಯೂನಿಯನ್ ಹದ್ದಿನ್ಯಾಗ ಶಿಬಿರದ ಕಾರ್ಯದರ್ಶಿ ಆಗೇನಿ. ಹಳೇ ಗೆಳೆತನದ ಆಸರಿ ಹಿಡಕೊಂಡು ಬರೀತಿಲ್ಲ. ಆ ಕಡೆ ಮಾತು ಕೇಳವರು ನೀವೊಬ್ರ ಉಳದೀರಿ ಅಂತ ಬರೀತೀನಿ.

ಕಳ್ಳಿಹಾಳದ ಸುದ್ದಿ ನಿಮಗ ಗೊತ್ತೈತಿ. ರಜಾಕಾರರು ಲೆವಿ ಹೆಸರಲೆ ಕಾಳಿನ ಹಗೇವು ಬಗದು ಒಯ್ದ ಮ್ಯಾಲ ಊರಿಗೆ ಊರ ಹಳ್ಳ ದಾಟಿ ನಮ್ಮ ಹತ್ರ ಬಂದೈತಿ. ಬಾಣಂತ್ಯಾರು, ಮುದುಕರು, ಎಲ್ಲಾರೂ ಕಣಕಿ ಹೊದಿಸಿದ ಗುಡಿಸಲದಾಗ ಅದಾರ. ಅವರ ಬಿಳಿಜ್ವಾಳ ಆ ದಂಡಿ ಮ್ಯಾಲ ತೆನಿ ತುಂಬಿ ನಿಂತೈತಿ. ದಿನಾ ಮುಂಜಾನೆ ಎದ್ದು ಈ ದಂಡಿ ಮ್ಯಾಲ ನಿಂತು ನೋಡತಾರ. ಕೊಯ್ಯಾಕ ಹೋದ್ರ ನಿಮ್ಮ ಕಳ್ಳಿಹಾಳ ಚೌಕಿಯಿಂದ ಗುಂಡು ಬರತಾವ. ಚೌಕಿ ಮ್ಯಾಲ ನಮ್ಮ ಹುಡುಗರು ಗುಂಡು ಹಾರಸ್ತಾರ. ಜ್ವಾಳ ಗಿಳಿ ಪಾಲಾಗಾಕತ್ತೈತಿ.

ರಾಶಿ ಮುಗಿಯೂ ತನಕ ಎರಡೂ ಕಡೆ ಬಂದೂಕು ಸುಮ್ಮನಿರಲಿ. ಇಷ್ಟ ಕೇಳೂದು. ಚೌಕಿಯ ಹವಾಲಾತದಾಗ ನಮ್ಮ ದುರುಗಪ್ಪ ಸೆರಿ ಅದಾನ, ಅದ ಕಳ್ಳಿಹಾಳದವ. ನಮ್ಮ ಹತ್ರ ನಿಮ್ಮ ಚೌಕಿ ಜವಾನ ಅಬ್ದುಲಸಾಬ ಅದಾನ. ಒಬ್ಬಗ ಒಬ್ಬನ್ನ ಅದಲುಬದಲು ಮಾಡಿಕೊಳ್ಳೂಣು. ಚೌಕಿಯ ಅಮೀನಸಾಬರ ಕಿವಿಗೆ ಹಾಕ್ರಿ.

ಈಶಪ್ಪ


ಕುಷ್ಟಗಿ
ಜನವರಿ ೧೯, ೧೯೪೮

ಈಶಪ್ಪನವರಿಗೆ ಶಫೀಸಾಬನ ಸಲಾಂ.

ಕನ್ನಡದಾಗ ಬರೀತೀನಿ. ಉರ್ದು ಅಕ್ಷರ ಕಂಡ್ರ ನಿಮ್ಮ ಶಿಬಿರದವರು ಮೊದಲ ಪತ್ರ ಹರಿದು ಆಮ್ಯಾಲ ಏನಿತ್ತು ಅಂತ ಕೇಳ್ಯಾರು.

ಚೌಕಿಗೆ ಹೋಗಿ ಅಮೀನಸಾಬರನ್ನ ಕಂಡೆ. ಮೊದಲ ಮಾತಿಗೇ ಸಿಟ್ಟಾದ್ರು.

"ಹಳ್ಳದ ಆಚೆ ಇರವರು ಸರಕಾರ ಏನ್ರಿ? ಸರಕಾರ ಅಲ್ಲದವರ ಕೂಡ ಕರಾರು ಮಾಡಿದ್ರ ಅವರನ್ನ ಸರಕಾರ ಅಂತ ಒಪ್ಪಿದಂಗ ಆಗತದ. ನನ್ನ ಪಗಡಿ ಹೋಗತದ."

"ಹಂಗಾದ್ರ ಕರಾರು ಅನ್ನೂದ ಬ್ಯಾಡ್ರಿ. ಸುಗ್ಗಿ ಬಂದೋಬಸ್ತು ಅನ್ನೂಣು. ನಿಮ್ಮ ರೈತರಿಗೆ ನೀವ ಮಾಡಿದ ಬಂದೋಬಸ್ತು," ಅಂದೆ.

ಅದಕ್ಕ ಸ್ವಲ್ಪ ತಣ್ಣಗಾದ್ರು. ಅವರ ಷರತ್ತು ಇವು. ಕೊಯ್ಯಾಕ ಬರವರ ಕೈಯಾಗ ಕುಡಗೋಲು ಬಿಟ್ಟು ಬ್ಯಾರೆ ಏನೂ ಇರಬಾರದು. ನಿಮ್ಮ ಹುಡುಗರು ಹಳ್ಳ ದಾಟಬಾರದು. ಚೌಕಿಯವರೂ ರಜಾಕಾರರೂ ಕೆರಿ ಏರಿ ದಾಟಿ ಹೊಲಕ್ಕ ಬರೂದಿಲ್ಲ. ಜ್ವಾಳದಾಗ ಒಂದು ಪಾಲು ಲೆವಿಗಂತ ಊರಾಗ ಬಿಡಬೇಕು. ಕೈದಿಗಳ ಮಾತು ರಾಶಿ ಆದಮ್ಯಾಲ.

ಕಡೀ ಷರತ್ತು ನನಗೂ ಸೇರಲಿಲ್ಲ. ವಾದ ಮಾಡಿದೆ. ಅಮೀನಸಾಬರು ಎದ್ದು ನಿಂತು, "ವಕೀಲಸಾಬ, ನೀವು ಯಾವ ದಂಡಿಯವರು, ಅದನ್ನ ಮೊದಲ ಹೇಳ್ರಿ," ಅಂದ್ರು. ಇಲ್ಲಿ ನನ್ನ ಓಣ್ಯಾಗೂ ಅದ ಪ್ರಶ್ನಿ ಕೇಳಾಕತ್ತಾರ. ಮಸೂತಿಯಿಂದ ಬರೂಮುಂದ ಮೊದಲ ಕೂಡಿ ಬರತಿದ್ದವರು ಈಗ ಮುಂದ ಹೋಗತಾರ.

ಶಫೀಸಾಬ


ಶಿಬಿರ
ಜನವರಿ ೨೭, ೧೯೪೮

ಶಫೀಸಾಬರಿಗೆ,

ನಿಮ್ಮ ಷರತ್ತು ಶಿಬಿರದಾಗ ಓದಿದೆ. ನಮ್ಮ ಮುಖ್ಯಸ್ಥ ಕೊಟ್ರಪ್ಪನವರು "ನಿಮ್ಮ ರೈತರು" ಅನ್ನೂ ಶಬ್ದಕ್ಕ ತಡದ್ರು. "ಯಾರ ರೈತರು? ನಿಜಾಮನ ರೈತರು ಅಂತ ಒಪ್ಪಿ ಸಹಿ ಮಾಡೂದಾದ್ರ ಈ ಶಿಬಿರ ಯಾಕ ಕಟ್ಟಿದ್ವಿ?" ಅಂದ್ರು. ಮುಂಜಾನಿಂದ ಊಟದ ಹೊತ್ತಿನ ತನಕ ಒಂದು ಶಬ್ದಕ್ಕ ಜಗಳಾಡಿದ್ವಿ. ಕಡೀಕೆ "ಕಳ್ಳಿಹಾಳದ ರೈತರು" ಅಂತಾತು. ಊರಿನ ಹೆಸರಿಗೆ ಯಾರೂ ಬ್ಯಾಡ ಅನ್ನಲಿಲ್ಲ. ಈಗ ಕೊಟ್ರಪ್ಪನವರ ಒಪ್ಪಿಗಿ ಐತಿ. ಪಾಲು ಬಿಡೂ ಮಾತಿಗೂ ಒಪ್ಪ್ಯಾರ.

ಆದ್ರ ಒಂದು ಐತಿ. ದುರುಗಪ್ಪನ ತಾಯಿ ಹಂಪವ್ವ ದಿನಾ ನನ್ನ ಗುಡಿಸಲದ ಮುಂದ ಬಂದು ಕುಂಡರತಾಳ. ಅಳೂದಿಲ್ಲ, ಒದರೂದಿಲ್ಲ. "ಈಶಪ್ಪ, ನನ್ನ ಮಗನ್ನ ಯಾರರೆ ಕಣ್ಣಿಲೆ ನೋಡ್ಯಾರೇನು?" ಅಂತಾಳ, ಅಷ್ಟ. ನಾ ಏನು ಹೇಳಲಿ? ನೀವ ಖುದ್ದು ಹೋಗಿ ನೋಡ್ರಿ. ನೋಡಿ ಬರದ ಕಳಸ್ರಿ. ಅಲ್ಲೀ ತನಕ ನಾ ಸಹಿ ಹಾಕೂದಿಲ್ಲ.

ಈಶಪ್ಪ


ಕುಷ್ಟಗಿ
ಫೆಬ್ರವರಿ ೪, ೧೯೪೮

ಈಶಪ್ಪನವರಿಗೆ,

ದಿಲ್ಲಿ ಸುದ್ದಿ ನಿಮಗೂ ಮುಟ್ಟೈತಿ. ಗಾಂಧಿಯವರನ್ನ ಕೊಂದವ ಯಾರು ಅಂತ ತಿಳಿಯೂ ತನಕ ನಮ್ಮ ಓಣ್ಯಾಗ ಯಾರ ಮನಿ ಒಲಿನೂ ಹತ್ತಲಿಲ್ಲ. ತಿಳದ ಮ್ಯಾಲೂ ಊಟ ಸೇರಲಿಲ್ಲ. ಬಾಗಲಾ ಹಾಕಿಕೊಂಡು ಕುಂತವರು ಒಬ್ಬರ ಮುಖ ಒಬ್ಬರು ನೋಡಿದ್ವಿ.

ನೀವು ಹೇಳಿದಂಗ ಚೌಕಿಗೆ ಹೋಗಿ ಬಂದೆ. ಹವಾಲಾತದ ಬಾಗಲಾ ತಗಿಸಿ ಒಳಗ ಹೋಗಿ ಕಣ್ಣಾರೆ ನೋಡಿದೆ. ದುರುಗಪ್ಪಗ ಇನ್ನು ಅಲ್ಲಿ ಯಾರೂ ಏನೂ ಮಾಡೂದಿಲ್ಲ. ಈ ಮಾತಿನಾಗ ನೀವು ಸಂಶಯ ಇಟಗೋಬ್ಯಾಡ್ರಿ.

ಬಂದೋಬಸ್ತಿನ ಕಾಗದಕ್ಕ ಅಮೀನಸಾಬರ ಸಹಿ ಆಗೈತಿ. ಲಗೂನ ನಿಮ್ಮ ಸಹಿ ಹಾಕಿ ಕಳಸ್ರಿ. ಜ್ವಾಳ ಇನ್ನ ಕಾಯೂದಿಲ್ಲ. ಕೈದಿಗಳ ಮಾತು ರಾಶಿ ಆದಮ್ಯಾಲನ ಇರಲಿ, ಮೊದಲ ಎತ್ತಬ್ಯಾಡ್ರಿ. ನನ್ನ ಸಲುವಾಗಿ ಇಷ್ಟು ಮಾಡ್ರಿ.

ಶಫೀಸಾಬ


ಶಿಬಿರ
ಫೆಬ್ರವರಿ ೯, ೧೯೪೮

ಪ್ರೀತಿಯ ಶಫೀಸಾಬರಿಗೆ,

ಸಹಿ ಹಾಕೇನಿ. ನಿಮ್ಮ ಪತ್ರ ಹಂಪವ್ವನ ಮುಂದ ಓದಿದೆ. "ಇನ್ನು ಯಾರೂ ಏನೂ ಮಾಡೂದಿಲ್ಲ" ಅನ್ನೂ ಮಾತು ಎರಡ ಸಲ ಓದಿಸಿಕೊಂಡ್ಳು. ಆಮ್ಯಾಲ ಎದ್ದು ಹೋದಾಕಿ, ಎಲ್ಲಿಂದೋ ಹಿಟ್ಟು ಕಡಾ ತಂದು ರೊಟ್ಟಿ ಬಡದು, ಶೇಂಗಾ ಹಿಂಡಿ ಕುಟ್ಟಿ ಗಂಟು ಕಟ್ಟಿಕೊಟ್ಟಾಳ. ಮುದಿಯಪ್ಪನ ಕೈಲೆ ಕಳಸೇನಿ. ಹುಡುಗಗ ಮುಟ್ಟಿಸ್ರಿ. "ಹವಾಲಾತದಾಗ ಬಿಸಿ ಇರೂದಿಲ್ಲ, ಹಿಂಡಿ ಇದ್ರ ತಂಗಳಾದ್ರೂ ತಿಂತಾನ," ಅಂದ್ಳು.

ನಿಮ್ಮ ಮ್ಯಾಲ ಸಂಶಯ ಇತ್ತು ನನಗ. ಇವರು ದಿನ ದೂಡಾಕತ್ತಾರ, ಕೈದಿಗಳ ಮಾತು ಮುಂದಕ್ಕ ಹಾಕಿ ಇನ್ನೊಂದು ಪಾಲು ಜ್ವಾಳ ಕೇಳ್ಯಾರು ಅಂತ ಅಂದಕೊಂಡಿದ್ದೆ. ಅದು ತಪ್ಪು. ಮನಸಿನಾಗ ಇಟಗೋಬ್ಯಾಡ್ರಿ.

ಈಶಪ್ಪ


ಕುಷ್ಟಗಿ
ಫೆಬ್ರವರಿ ೨೩, ೧೯೪೮

ಈಶಪ್ಪನವರಿಗೆ,

ಕೊಯ್ಲಿ ನಡದೈತಿ. ನಿನ್ನೆ ಕೆರಿ ಏರಿ ಮ್ಯಾಲ ನಿಂತು ನೋಡಿದೆ. ಮೊದಲ ದಿನ ಜನ ಬಗ್ಗಿ ಕೊಯ್ಯೂಕಿಂತ ತಲಿ ಎತ್ತಿ ಚೌಕಿ ನೋಡೂದ ಹೆಚ್ಚಿತ್ತು. ನಿನ್ನೆ ಹಂಗಿರಲಿಲ್ಲ. ಕೂಸುಗಳನ್ನ ಬದುವಿನ ಗಿಡದ ನೆಳ್ಳಾಗ ಜೋಳಗಿ ಕಟ್ಟಿ ಮಲಗಿಸಿದ್ರು. ಚೌಕಿಯ ಪಠಾಣನೊಬ್ಬ ಬಂದೂಕು ಗ್ವಾಡಿಗೆ ಆನಿಸಿ ಸುಟ್ಟ ಸೀತನಿ ಬೇಡಿ ತಿಂದ. ತೆನಿ ಬಲತು ಹೋಗ್ಯಾವ, ಆದ್ರೂ ಎಲ್ಲೋ ಹಿಂದ ಬಿತ್ತಿದ ಹೊಲದಾಗ ಹಸೀ ತೆನಿ ಸಿಕ್ಕಿದ್ದುವು. ಯಾವ ಕಡೆಯಿಂದಲೂ ಒಂದು ಗುಂಡು ಹಾರಿಲ್ಲ.

ಹಂಪವ್ವ ಕಣದಾಗ ಭೆಟ್ಟಿ ಆಗಿದ್ಲು. ಮಾತಾಡಿದೆ.

ಶಫೀಸಾಬ


ಶಿಬಿರ
ಮಾರ್ಚ್ ೮, ೧೯೪೮

ಶಫೀಸಾಬ,

ಚೌಕಿಯ ತಳವಾರ ಹಳ್ಳ ದಾಟಿ ನಮ್ಮ ಕಡೆ ಬಂದಾನ. ಕುಣಿ ತೋಡಿದವ ಅವನ.

ನೀ ಹವಾಲಾತಕ್ಕ ಹೋದಾಗ ದುರುಗಪ್ಪ ಸತ್ತು ಬಿದ್ದಿದ್ದ. ನೀ ನೋಡಿದಿ. ನೋಡಿ ಬಂದು ಆ ಮಾತು ಬರದಿ. ಎಂಥಾ ವಕೀಲ ನೀ! ಒಂದು ಅಕ್ಷರ ಸುಳ್ಳಿಲ್ಲ. ಸತ್ತವಗ ಇನ್ನು ಯಾರು ಏನು ಮಾಡತಾರ? ಅದನ್ನ ನಾ ಅವನ ತಾಯಿ ಮುಂದ ಎರಡ ಸಲ ಓದಿದೆ, ನನ್ನ ಬಾಯಿಲೆ.

ಹಂಪವ್ವಗ ಹೇಳೀವಿ. ಅಬ್ದುಲಸಾಬನ್ನ ಏನು ಮಾಡಬೇಕು ಅನ್ನೂದು ಮುಂದಿನ ವಾರದ ಸಭಾದಾಗ ತೀರ್ಮಾನ ಆಗತೈತಿ. ಹುಡುಗರು ಹಗ್ಗ ತಂದಿಟ್ಟಾರ. ಅವನ ರಕ್ತ ನಿನ್ನ ಮ್ಯಾಲ.

ಈಶಪ್ಪ


ಕುಷ್ಟಗಿ
ಮಾರ್ಚ್ ೧೦, ೧೯೪೮

ಈಶಪ್ಪ,

ಮುದಿಯಪ್ಪನ್ನ ನಿಲ್ಲಲಿಕ್ಕೂ ಬಿಡದ ಬರದು ಕಳಸಾಕತ್ತೇನಿ.

ನೀ ಬರದದ್ದು ಖರೆ. ಅವನ್ನ ಚೌಕಿಯ ಜಮಾದಾರ ಹೊಡದಿದ್ದ. ಶಿಬಿರದಾಗ ಬಂದೂಕು ಎಷ್ಟದಾವ ಅಂತ ಕೇಳಿ ಹೊಡದಿದ್ದ. ನಾ ಹೋದಾಗ ಮೂಲ್ಯಾಗ ಮಲಗಿಸಿ ಚಾದರ ಹೊಚ್ಚಿದ್ರು. ಮುಖ ನೋಡಿದೆ, ಎದಿ ನೋಡಿದೆ. ಅಮೀನಸಾಬರು ಹೊರಗ ನಿಂತಿದ್ರು. "ಈಗೇನು ಬರೀತೀರಿ?" ಅಂದ್ರು.  ಮನಿಗೆ ಬಂದು ಆ ಸಾಲು ಬರದೆ.

ಖರೆ ಬರದಿದ್ರ ನೀವು ಚೌಕಿ ಮ್ಯಾಲ ಬೀಳತಿದ್ರಿ, ಜ್ವಾಳ ಸುಡತಿತ್ತು, ಗುಡಿಸಲದಾಗಿನ ಕೂಸುಗಳು ಉಪವಾಸ ಬೀಳತಿದ್ದುವು, ಅಬ್ದುಲಸಾಬ ಅವತ್ತ ಸಾಯತಿದ್ದ. ಇದನ್ನೆಲ್ಲ ಆಮ್ಯಾಲ ಜೋಡಿಸಿಕೊಂಡೇನಿ. ಆ ಹೊತ್ತಿನ್ಯಾಗ ನನ್ನ ತಲ್ಯಾಗ ಇದ್ದದ್ದು ಒಂದ, ಕರಾರು ಮುರೀಬಾರದು. ನಡುವ ನಿಂತು ಕರಾರು ಮಾಡವಗ ಅದ ಮಗ ಇದ್ದಂಗ ಆಗಿಬಿಡತೈತಿ. ಬ್ಯಾರೆಯವರ ಮಗ ಕಾಣೂದಿಲ್ಲ.

ರೊಟ್ಟಿ ಗಂಟು ಬಂದ ದಿನ ನನ್ನ ಹೆಂಡತಿ ಅದನ್ನ ಮುಟ್ಟಲಿಲ್ಲ. ನಿಮ್ಮಲ್ಲಿ ಸತ್ತವರಿಗೆ ಎಡಿ ಹಿಡೀತಾರಂತ ಗೊತ್ತಿತ್ತು. ಅವನ ಕುಣಿ ಮ್ಯಾಲ ಬಿಚ್ಚಿಟ್ಟು ಬಂದೆ. ಕಣದಾಗ ಹಂಪವ್ವ, "ರೊಟ್ಟಿ ಮುಟ್ಟಿದುವೇನ್ರಿ ಸಾಹೇಬ್ರ?" ಅಂತ ಕೇಳಿದ್ಲು. "ಮುಟ್ಟಿದುವು ತಾಯಿ," ಅಂದೆ.

ನನ್ನ ಸಲುವಾಗಿ ಏನೂ ಕೇಳೂದಿಲ್ಲ. ಅಬ್ದುಲಸಾಬ ಹೊಡದವ ಅಲ್ಲ. ದುರುಗಪ್ಪ ಸಿಕ್ಕೂಕಿಂತ ಮೊದಲ ಅವ ನಿಮ್ಮ ಕೈಯಾಗಿದ್ದ. ಅವನ್ನ ಬಿಡ್ರಿ.

ಶಫಿ


ಶಿಬಿರ
ಮಾರ್ಚ್ ೨೦, ೧೯೪೮

ಶಫೀಸಾಬರಿಗೆ,

ಇದು ನನ್ನ ಕಡೀ ಪತ್ರ. ನಡದದ್ದು ನಿಮಗ ತಿಳೀಬೇಕು ಅಂತ ಬರೀತೀನಿ.

ಸಭಾದಾಗ ಅಬ್ದುಲಸಾಬನ್ನ ಕೈ ಕಟ್ಟಿ ನಿಲ್ಲಿಸಿದ್ರು. ಕೊಟ್ರಪ್ಪನವರು ಎದ್ದು, "ಮಗನ್ನ ಕಳಕೊಂಡಾಕಿ ಹಂಪವ್ವ. ಆಕಿ ಹೇಳಿದಂಗ ಆಗಲಿ," ಅಂದ್ರು.

ಹಂಪವ್ವ ಎಲ್ಲಾರ ಮುಖ ನೋಡಿದ್ಲು. "ನನ್ನ ಮಗನ ಕೈಯಾಗ ಬಂದೂಕು ಕೊಡೂಮುಂದ ನನ್ನ ಕೇಳಿದ್ರೇನು? ಈಗ ಯಾಕ ಕೇಳತೀರಿ? ಇವನ್ನ ಹಿಡಕೊಂಡು ಬಂದವರು ನೀವು. ಏನು ಮಾಡತೀರೋ ಅದು ನಿಮ್ಮ ತಲಿ ಮ್ಯಾಲ ಇರಲಿ. ನನ್ನ ಉಡಿಯಾಗ ಹಾಕಬ್ಯಾಡ್ರಿ," ಅಂದ್ಳು. ಎದ್ದು ಹೋದ್ಳು.

ಸಭಾ ಏನೂ ತೀರ್ಮಾನ ಇಲ್ಲದ ಮುಗೀತು. ಮರುದಿನ ಯಾರನ್ನೂ ಕೇಳದ ನಾನ ಅಬ್ದುಲಸಾಬನ್ನ ಹಳ್ಳದ ತನಕ ಕರಕೊಂಡು ಹೋದೆ. ಕಟ್ಟು ಬಿಚ್ಚಿದೆ. ಅವಗ ನಂಬಿಕಿ ಬರಲಿಲ್ಲ. ಬೆನ್ನಿಗೆ ಗುಂಡು ಹಾಕತಾನಂತ ತಿಳದು, ನನ್ನ ಕಡೆ ಮುಖ ಮಾಡಿ ಹಿಂದ ಹಿಂದ ಹೆಜ್ಜಿ ಇಡಕೋತ ನೀರಾಗ ಇಳದ. ನಡುವ ಒಮ್ಮೆ ಜಾರಿ ಬಿದ್ದ. ಎದ್ದು ಮತ್ತ ಹಂಗ ಹೋದ. ಆ ದಂಡಿ ಮುಟ್ಟಿದ ಮ್ಯಾಲನ ಬೆನ್ನು ತಿರುವಿ ಓಡಿದ.

ಕಾರ್ಯದರ್ಶಿ ಕೆಲಸ ಹೋತು. ದ್ರೋಹಿ ಅಂದ್ರು. ಅನ್ನಲಿ. ನಾನೂ ನಿಮಗ ಒಂದು ಮಾತು ಖರೆ ಹೇಳಿರಲಿಲ್ಲ. ಕೊಟ್ರಪ್ಪನವರು ಒಪ್ಪ್ಯಾರ ಅಂತ ಬರದಾಗ ಅವರು ಒಪ್ಪಿರಲಿಲ್ಲ. ಕೊಯ್ಲಿಯ ಮೊದಲನೇ ದಿನ ನಮ್ಮ ಹುಡುಗರು ಹಾರಸ್ತಾರೋ ಇಲ್ಲೋ ಅಂತ ನನಗ ಗೊತ್ತಿರಲಿಲ್ಲ. ಗೊತ್ತಿಲ್ಲದನ ಆ ಹೆಂಗಸರನ್ನ ಹೊಲಕ್ಕ ಇಳಿಸಿದ್ದೆ. 

ಇದರಿಂದ ನಿಮ್ಮದು ಹಗರ ಆತು ಅಂತ ತಿಳೀಬ್ಯಾಡ್ರಿ. ಇನ್ನ ಬರೀಬ್ಯಾಡ್ರಿ.

ಈಶಪ್ಪ


ತಾವರಗೇರಿ
ಅಕ್ಟೋಬರ್ ೫, ೧೯೪೮

ಶಫಿ,

ಬರೀಬ್ಯಾಡ ಅಂದವ ನಾನ ಬರೀತೀನಿ. ನೀ ಗಂಗಾವತ್ಯಾಗ ನಿಮ್ಮಕ್ಕನ ಮನ್ಯಾಗ ಅದಿ ಅಂತ ಮುದಿಯಪ್ಪ ಹೇಳಿದ.

ಯೂನಿಯನ್ ದಂಡು ಬಂತು. ನಿಜಾಮನ ರಾಜ್ಯ ಮುಗೀತು. ನಾ ತಾವರಗೇರಿಯಾಗ ಬಾವುಟ ಏರಿಸಿ ಕುಣದೆ. ಕಣ್ಣಾಗ ನೀರು ಬಂದಿದ್ದುವು. ಆ ಸಂಭ್ರಮ ಸುಳ್ಳಲ್ಲ. ಆದ್ರ ಅದ ಹೊತ್ತಿನ್ಯಾಗ ನಿಮ್ಮ ಓಣಿಗೆ ಒಂದು ಗುಂಪು ಹೋಗಿತ್ತು. ನಾ ಕುಷ್ಟಗಿಗೆ ಬಂದಾಗ ನಿಮ್ಮ ಮನಿಗೆ ಬಾಗಲಾ ಇರಲಿಲ್ಲ. ಒಳಗ ಹೋದೆ. ನಿನ್ನ ಕಾನೂನಿನ ಪುಸ್ತಕದ ಹಾಳಿ ಹರದು ಅಂಗಳದಾಗ ಹಾರಾಡತಿದ್ದುವು. ಮಗ್ಗಲ ಮನಿ ಗ್ವಾಡಿ ಇನ್ನ ಬಿಸಿ ಇತ್ತು. ಒಬ್ಬ ಮುದುಕಿ ಹೊಸ್ತಲದಾಗ ಕುಂತಿದ್ಲು. ನನ್ನ ಖಾದಿ ಟೊಪಗಿ ನೋಡಿ ಸೆರಗಿನಲೆ ಮುಖ ಮುಚ್ಚಿಕೊಂಡ್ಳು. ಟೊಪಗಿ ತಗದು ಕೈಯಾಗ ಹಿಡಕೊಂಡೆ. ಆಕಿ ಸೆರಗು ತಗೀಲಿಲ್ಲ.

ಅಬ್ದುಲಸಾಬ ಇಲ್ಲ. ಅವನ ಊರಾಗ ಅವನ ಬಾವಿ ಹತ್ರ ಹಿಡದು ಕೊಂದ್ರಂತ. ಹೆಸರು ಹೇಳವರು ಯಾರೂ ಇಲ್ಲ. ನಾ ಹಳ್ಳ ದಾಟಿಸಿದವನ್ನ ನನ್ನ ಕಡೆಯವರು ಅನ್ನಿಸಿಕೊಂಡವರ ಕೊಂದಾರ.

ಇನ್ನೊಂದು ಮಾತು. ಜಮಾದಾರ ಸಿಕ್ಕಾನ. ಕೊಪ್ಪಳದಾಗ ಅವನ ಮ್ಯಾಲ ಖಟ್ಲೆ ನಡೀತೈತಿ. ಆದ್ರ ದುರುಗಪ್ಪ ಜ್ವರದಿಂದ ಸತ್ತ ಅನ್ನಾಕತ್ತಾನ. ಅಮೀನ ಎಲ್ಲಿಗೋ ಓಡಿ ಹೋಗ್ಯಾನ. ತಳವಾರ ಕುಣಿ ತೋಡಿದವ ಅಷ್ಟ, ಗಾಯ ಹೆಂಗಾದುವು ಅಂತ ಅವಗ ಗೊತ್ತಿಲ್ಲ, ಚಾದರದಾಗ ಸುತ್ತಿ ಕೊಟ್ಟಿದ್ರಂತ. ಶಿಬಿರದ ಕೆಲವರು, "ವಕೀಲನೂ ಅಲ್ಲೇ ಇದ್ದ, ಅವನ ಹೆಸರೂ ಆರೋಪಿಗಳ ಕೂಡ ಬರಸು," ಅಂತ ನನ್ನ ಬೆನ್ನು ಹತ್ಯಾರ. ನಾ ಬರಸೂದಿಲ್ಲ. ನೀ ಈ ಕಡೆ ಕಾಲು ಇಡಬ್ಯಾಡ. ಬಂದ್ರ ನಿನ್ನ ಉಳಸಾಕ ನನ್ನ ಕೈಲೆ ಆಗೂದಿಲ್ಲ.

ಈಶಪ್ಪ


ಗಂಗಾವತಿ
ನವೆಂಬರ್ ೨೧, ೧೯೪೮

ಈಶಪ್ಪಾ,

ನಿನ್ನ ಪತ್ರ ಬಂದು ಭಾಳ ದಿನ ಆತು. ಅಬ್ದುಲಸಾಬನ ಸುದ್ದಿ ಓದಿದ ಮ್ಯಾಲ ಬರೀಲಿಕ್ಕೆ ಕೈ ಬರಲಿಲ್ಲ. ಹೆಂಡತಿ ಮಕ್ಕಳು ಜೀವದಿಂದ ಅದಾರ. ಮನಿಯ ಮಾತು ಬಿಡು. ಗ್ವಾಡಿ ಕಟ್ಟಬಹುದು.

ಮೊನ್ನೆ ಸಂತಿ ದಿನ ಹಂಪವ್ವ ಇಲ್ಲಿಗೆ ಬಂದಿದ್ಲು. ನೀ ಕಳಸಿದ್ದಲ್ಲಂತ. ಮುದಿಯಪ್ಪನ್ನ ಕೇಳಿ ಗುರುತು ಹಿಡಕೊಂಡು ಒಬ್ಬಾಕಿನ ಬಂದಾಳ. ಓಣ್ಯಾಗ, "ವಕೀಲ ಶಫೀಸಾಬನ ಮನಿ ಯಾವುದು?" ಅಂತ ಕೇಳಕೋತ ಬಂದದ್ದಕ್ಕ ನಮ್ಮಕ್ಕ ಹೆದರಿ ಬಾಗಲಾ ಹಾಕಿದ್ಲು. ನಾ ತಗದೆ.

ಆಕಿ ಕಟ್ಟಿ ಮ್ಯಾಲ ಕುಂತಳು. ನೀರು ಕೊಟ್ರ ಕುಡೀಲಿಲ್ಲ.

"ನನ್ನ ಮಗನ್ನ ನೋಡಿದವರು ನೀವೊಬ್ರ ಉಳದೀರಿ. ಮೈ ಮ್ಯಾಲ ಏನಿತ್ತು, ಹೇಳ್ರಿ."

ಹೇಳಿದೆ. ಎಲ್ಲಾ ಹೇಳಿದೆ, ಈಶಪ್ಪ. ಎದಿ ಮ್ಯಾಲಿನ ಬಾಸುಂಡಿ, ಮುರದ ಬೆರಳು, ಒಡದ ತುಟಿ. ನಾ ನಡುವ ತಡದಾಗ, "ಹೂಂ, ಮುಂದ," ಅಂದ್ಳು.  ಆಮ್ಯಾಲ ಹಿಂಗಂದ್ಳು:

"ನೀವು ಸುಳ್ಳು ಹೇಳಿದ ದಿನ ನಾ ಜ್ವಾಳ ರಾಶಿ ಮಾಡಾಕತ್ತಿದ್ದೆ. ಈ ಮಳಿಗಾಲ ಪೂರಾ ಅದನ್ನ ಉಂಡೇನಿ. ಮಗಳು, ಮೊಮ್ಮಕ್ಕಳು ಉಂಡಾರ. ನಿಮಗ ಶಾಪ ಹಾಕಬೇಕಂತ ಬಾಯಿ ತಗದ್ರ ಬಾಯಾಗ ಅದ ರೊಟ್ಟಿ ಇರತೈತಿ. ಉಗಳಾಕ ಬರೂದಿಲ್ಲ, ನುಂಗಾಕ ಬರೂದಿಲ್ಲ. ಅದಕ್ಕ ಶಾಪಾನೂ ಬ್ಯಾಡ, ಮಾಫಿನೂ ಬ್ಯಾಡ. ಈಗ ನನಗ ಹೇಳಿದ್ರಲ್ಲ, ಅದನ್ನ ಜಡ್ಜಸಾಹೇಬರ ಮುಂದ ನಿಂತು ಹೇಳ್ರಿ."

"ತಾಯಿ, ನಾ ಬಂದ್ರ ನನ್ನನ್ನೂ ಹಿಡೀತಾರ," ಅಂದೆ. ಅಂದ ಮ್ಯಾಲ ನಾಚಿಕಿ ಆತು.

"ಹಿಡದ್ರ ಹಿಡೀಲಿ. ನನ್ನ ಮಗನ್ನೂ ಹಿಡದಿದ್ರು," ಅಂದ್ಳು.

ನೀ ಬರಬ್ಯಾಡ ಅಂದದ್ದು ನನ್ನ ಮ್ಯಾಲಿನ ಕಕ್ಕುಲಾತಿಯಿಂದ. ಆದ್ರ ನಾ ಬರತೀನಿ. ನಮ್ಮ ಓಣಿಯವರು, "ನಮ್ಮವನ ಮ್ಯಾಲ ಸಾಕ್ಷಿ, ಇಂಥಾ ಹೊತ್ತಿನ್ಯಾಗ?" ಅಂತ ಉಗಳಾಕತ್ತಾರ. ನಿಮ್ಮವರು ಬ್ಯಾರೆ ಕಾರಣಕ್ಕ ಉಗಳತಾರ. ಜಮಾದಾರನ ವಕೀಲ ಮೊದಲ ಕೇಳೂದು, "ಆವಾಗ ಯಾಕ ಹೇಳಲಿಲ್ಲ?" ಅಂತ. ನಾನಾದ್ರೂ ಅದನ್ನ ಕೇಳತಿದ್ದೆ. ಜ್ವಾಳದ ಸಲುವಾಗಿ ಅಂತ ಹೇಳಬೇಕು, ಹಂಪವ್ವ ಕೇಳಿಸಿಕೊಳ್ಳೂಹಂಗ ಹೇಳಬೇಕು. ಅದು ಹವಾಲಾತಕ್ಕಿಂತ ದೊಡ್ಡ ಹೆದರಿಕಿ ಆಗೈತಿ ನನಗ.

ಸೋಮವಾರ ಕೋರ್ಟಿನ್ಯಾಗ ಪೇಶಿ ಐತಂತ. ಮುಂಜಾನೆ ಮೋಟಾರಿಗೆ ಕೊಪ್ಪಳಕ್ಕ ಬರತೀವಿ. ಬರತೀವಿ ಅಂದೆ. ಹಂಪವ್ವ ಊರಿಗೆ ಹೋಗಿಲ್ಲ. ನಮ್ಮಕ್ಕನ ಪಡಸಾಲ್ಯಾಗ ಉಳದಾಳ. ಒಳಗಿನ ಊಟ ಮುಟ್ಟೂದಿಲ್ಲ. ಹೊರಗ ಮೂರು ಕಲ್ಲು ಹೂಡಿ ತಾನ ಬೇಯಿಸಿಕೊಳ್ಳತಾಳ. ಹೋಗಿ ಬಾ ತಾಯಿ, ನಾ ಖಂಡಿತ ಬರತೀನಿ ಅಂತ ನಾ ಎಷ್ಟ ಸಲ ಹೇಳಿದ್ರೂ ಕೇಳಲಿಲ್ಲ.

"ನಿಮ್ಮ ಮಾತು ಒಮ್ಮೆ ನಂಬೇನಿ," ಅಂದ್ಳು. "ಈ ಸಲ ಕರಕೊಂಡ ಹೋಗತೀನಿ."

ಶಫಿ